ಬಲಗಡೆ ಸೀಟು

ಸಾವನದುರ್ಗದ ತಪ್ಪಲಿನಲ್ಲಿ ಒಂದು ತೋಟದ ಮನೆ. ಹಿರಿಯರು ವಾಯುಪಡೆಯ ಸಾಗಣೆ ವಿಮಾನಗಳನ್ನು ಓಡಿಸಿ, ಆಮೇಲೆ ಏರ್‌ಲೈನ್ ಸೇರಿ, 65ಕ್ಕೆ ನಿವೃತ್ತರಾದ ಕ್ಯಾಪ್ಟನ್. ಹೊಸ ಪೈಲಟ್‌ಗಳನ್ನು ಆರಿಸುವ ಸಮಿತಿಯಲ್ಲೂ ಕೂತವರು. ಹುಡುಗಿ ಚನ್ನಪಟ್ಟಣ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮಗಳು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದಿದೆ, ದೊಡ್ಡ ಏರ್‌ಲೈನೊಂದರ ಸಂದರ್ಶನಕ್ಕೆ ಕರೆಯೂ ಬಂದಿದೆ.

ಹುಡುಗಿ: ಸರ್, ಇಂಟರ್‌ವ್ಯೂನಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಬರ್ಕೊಂಡು ಬಂದಿದ್ದೀನಿ. ಒಂದ್ಸಲ ಕೇಳಿಸ್ಕೊಂಡು ತಿದ್ದಿಕೊಡ್ತೀರಾ?

ಹಿರಿಯರು: ಮೊದಲನೇದು ಓದಮ್ಮ.

ಹುಡುಗಿ: "ನೀವು ಯಾಕೆ ಪೈಲಟ್ ಆಗಬೇಕು?" ಉತ್ತರ: ಚಿಕ್ಕಂದಿನಿಂದಲೂ ಆಕಾಶದಲ್ಲಿ ಹಾರುವ ವಿಮಾನಗಳನ್ನು ನೋಡುತ್ತಾ ಬೆಳೆದ ನನಗೆ...

ಹಿರಿಯರು: ಅಲ್ಲಿಗೇ ನಿಲ್ಲಿಸು. ಈ ಉತ್ತರವನ್ನ ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ. ಸುಳ್ಳು ಅಂತ ಹೇಳ್ತಿಲ್ಲ. ಆದರೆ ಅದನ್ನ ಕೇಳಿದ ಮೇಲೂ ನಿನ್ನ ಬಗ್ಗೆ ನನಗೆ ಏನೂ ತಿಳಿಯಲ್ಲ. ಪುಸ್ತಕ ಮುಚ್ಚಿಟ್ಟು ಹೇಳು, ನಿಜವಾಗಲೂ ಹೇಗೆ ಶುರುವಾಯ್ತು?

ಹುಡುಗಿ: ನಾನಾಗ ರಾಮನಗರದಲ್ಲಿ ಪಿಯುಸಿ ಓದ್ತಿದ್ದೆ. 2021ರ ಜನವರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದು ಇಳೀತು. ಕಾಕ್‌ಪಿಟ್‌ನಲ್ಲಿದ್ದ ನಾಲ್ಕು ಜನವೂ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರನ್ನ ಟಿವಿಯಲ್ಲಿ ತೋರಿಸ್ತಿದ್ರು. ನಾವು ಮನೇಲಿ ಚಂದ್ರಿಕೆಯಿಂದ ಗೂಡು ಬಿಡಿಸ್ತಾ ಕೂತಿದ್ವಿ. "ಇದಕ್ಕೆ ಏನು ಓದಬೇಕವ್ವಾ?" ಅಂತ ಅಪ್ಪ ಕೇಳಿದ್ರು. ನನಗೂ ಗೊತ್ತಿರಲಿಲ್ಲ. ಹುಡುಕಿ ನೋಡಿದ್ರೆ, ಪಿಯುಸಿಯಲ್ಲಿ ಫಿಸಿಕ್ಸು, ಮ್ಯಾಥ್ಸು ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಫಿಟ್ ಆಗಬೇಕು ಅಂತ ಇತ್ತು. ಆಸೆಗಿಂತ ಮುಂಚೆ ಆಶ್ಚರ್ಯ ಆಯ್ತು ಸರ್, ನಮ್ಮಂಥವರೂ ಅರ್ಜಿ ಹಾಕಬಹುದಾ ಅಂತ.

ಹಿರಿಯರು: ಇದನ್ನೇ ಹೇಳು. ಇದರಲ್ಲಿ ನೀನಿದ್ದೀಯ, ನಿಮ್ಮಪ್ಪ ಇದ್ದಾರೆ, ಒಂದು ದಿನ ಇದೆ. ಗೊತ್ತಿಲ್ಲದ್ದನ್ನ ಹುಡುಕಿ ತಿಳ್ಕೊಂಡ ಹುಡುಗಿ ಕಾಣ್ತಾಳೆ. ಸರಿ, ದುಡ್ಡು ಎಲ್ಲಿಂದ ಬಂತು?

ಹುಡುಗಿ: ಇದನ್ನೂ ಕೇಳ್ತಾರಾ?

ಹಿರಿಯರು: ಕೆಲವರು ಕೇಳ್ತಾರೆ.

ಹುಡುಗಿ: ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸ್‌ಗೆ ನಮ್ಮ ಜಮೀನಲ್ಲಿ ಒಂದು ಭಾಗ ಹೋಯ್ತು. ಆ ಪರಿಹಾರದ ಹಣ, ಅದರ ಮೇಲೆ ಬ್ಯಾಂಕ್ ಸಾಲ. ಅಮ್ಮನ ತವರು ಕನಕಪುರದ ಕಡೆ. ಸೋದರಮಾವನೂ ಸ್ವಲ್ಪ ಕೊಟ್ಟರು. ತರಬೇತಿ, ಪರೀಕ್ಷೆ, ಎ320 ವಿಮಾನ ಹಾರಿಸೋಕೆ ಬೇಕಾದ ಟೈಪ್ ರೇಟಿಂಗ್ ಎಲ್ಲ ಸೇರಿ ಅರ್ಧ ಕೋಟಿ ದಾಟಿದೆ ಸರ್.

ಹಿರಿಯರು: ಇದೂ ಮುಚ್ಚಿಡೋ ವಿಷಯವಲ್ಲ. ಯಾಕೆ ಕೇಳ್ತಾರೆ ಅಂದ್ರೆ, ತಲೆ ಮೇಲೆ ಅಷ್ಟು ಸಾಲ ಇಟ್ಕೊಂಡ ಪೈಲಟ್ಟು ನಿದ್ದೆಗೆಟ್ಟ ದಿನ ಫೋನ್ ಮಾಡಿ "ಇವತ್ತು ನಾನು ಹಾರೋ ಸ್ಥಿತಿಯಲ್ಲಿಲ್ಲ" ಅಂತ ಹೇಳ್ತಾನಾ? ಕೆಲಸ ಹೋಗುತ್ತೆ ಅಂತ ಹೆದರಿ ಬಂದು ಕೂರ್ತಾನಾ? ಅದು ಅವರಿಗೆ ಬೇಕು. ಡ್ಯೂಟಿ ಸಮಯದ ನಿಯಮಗಳನ್ನ ಓದಿಕೊಂಡಿದ್ದೀಯಾ?

ಹುಡುಗಿ: ಓದಿದ್ದೀನಿ. 2025ರಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ ಬಿಗಿ ಮಾಡ್ತು. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಯ್ತು. ರಾತ್ರಿ ಲ್ಯಾಂಡಿಂಗ್‌ಗಳ ಮಿತಿ ಆರರಿಂದ ಎರಡಕ್ಕೆ ಇಳೀತು. ಡಿಸೆಂಬರ್‌ನಲ್ಲಿ ಪೈಲಟ್‌ಗಳು ಸಾಲದೆ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯ್ತು.

ಹಿರಿಯರು: ಅಂಕಿ ಗೊತ್ತು, ಒಳ್ಳೇದು. ಅದರ ಜೊತೆ ಇನ್ನೊಂದು ಮಾತು ಸೇರಿಸು. ಸುಸ್ತಾಗಿದ್ರೆ ಸುಸ್ತಾಗಿದೆ ಅಂತ ಹೇಳೋದು ನಿನ್ನ ಜವಾಬ್ದಾರಿ, ಅದನ್ನ ರೋಸ್ಟರ್ ಹಾಕೋರು ಬಂದು ನಿನ್ನ ಮುಖದಲ್ಲಿ ಓದಲ್ಲ.

ಹುಡುಗಿ: ಟೆಕ್ನಿಕಲ್ ಪ್ರಶ್ನೆಗಳೇ ನನಗೆ ಭಯ ಸರ್. ಲಿಖಿತ ಪರೀಕ್ಷೆ ಹೇಗೋ ಆಗುತ್ತೆ. ಎದುರುಬದುರು ಕೂತು ಕೇಳಿದ್ರೆ ಬಾಯಿ ಕಟ್ಟುತ್ತೆ.

ಹಿರಿಯರು: ಒಂದು ಲೆಕ್ಕ ಮಾಡೋಣ, ಬಾ. ಮುಂಬೈಯಿಂದ ಬೆಂಗಳೂರಿಗೆ ಬರ್ತಿದ್ದೀಯ. 36,000 ಅಡಿಯಲ್ಲಿದ್ದೀಯ. ಎಲ್ಲಿ ಇಳಿಯೋಕೆ ಶುರು ಮಾಡ್ತೀಯ?

ಹುಡುಗಿ: ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಅಂತ ಸ್ಥೂಲ ಲೆಕ್ಕ. 36ನ್ನ ಮೂರರಿಂದ ಗುಣಿಸಿದ್ರೆ 108.

ಹಿರಿಯರು: ಬೆಂಗಳೂರು ಸಮುದ್ರಮಟ್ಟದಲ್ಲಿಲ್ಲವಲ್ಲ.

ಹುಡುಗಿ: ಹೌದು ಸರ್! ಕೆಂಪೇಗೌಡ ನಿಲ್ದಾಣ ಇರೋದೇ ಸುಮಾರು 3,000 ಅಡಿ ಎತ್ತರದಲ್ಲಿ. ಹಾಗಾದ್ರೆ ಕಳ್ಕೋಬೇಕಾದ್ದು 33,000 ಅಡಿ.

ಹಿರಿಯರು: 33 ಮೂರಲಿ 90. ವೇಗ ಇಳಿಸೋಕೆ ಒಂದು ಹತ್ತು ಮೈಲಿ ಸೇರಿಸು, 100. ಹೆಚ್ಚುಕಮ್ಮಿ ಚಿತ್ರದುರ್ಗದ ಕೋಟೆ ಮೇಲೆ ಬಂದಾಗ ಇಳಿಯೋಕೆ ಶುರು. ಸರಿ ತಾನೆ?

ಹುಡುಗಿ: ಹ್ಞೂಂ ಸರ್.

ಹಿರಿಯರು: ಈ ಎತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತೆ. ಏಪ್ರಿಲ್ ಮಧ್ಯಾಹ್ನ, ನಿಲ್ದಾಣದಲ್ಲಿ 33 ಡಿಗ್ರಿ. ವಿಮಾನಕ್ಕೆ ಏನಾಗುತ್ತೆ?

ಹುಡುಗಿ: ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ 9 ಡಿಗ್ರಿ. ಅದಕ್ಕಿಂತ 24 ಹೆಚ್ಚಿದೆ. ಒಂದು ಡಿಗ್ರಿಗೆ 120 ಅಡಿ ಅಂತ ಹಿಡಿದ್ರೆ ಗಾಳಿ ಸುಮಾರು 5,900 ಅಡಿ ಮೇಲಿರೋ ಗಾಳಿಯಷ್ಟು ತೆಳುವಾಗಿರುತ್ತೆ. ಎಂಜಿನ್ನಿಗೆ ಶಕ್ತಿ ಕಮ್ಮಿ, ರೆಕ್ಕೆಗೆ ಆಧಾರ ಕಮ್ಮಿ, ನೆಲ ಬಿಡೋಕೆ ರನ್‌ವೇ ಹೆಚ್ಚು ಬೇಕು.

ಹಿರಿಯರು: ಬಾಯಿ ಕಟ್ಟುತ್ತೆ ಅಂದೆಯಲ್ಲ, ಎಲ್ಲಿ ಕಟ್ತು? ನಮ್ಮೂರಿನ ನಿಲ್ದಾಣ ಇಟ್ಕೊಂಡು ಓದಿದ್ರೆ ಪುಸ್ತಕದ ಸೂತ್ರ ಮರೆಯಲ್ಲ. ಎದುರಿಗಿರೋ ಈ ಬಂಡೆ ನೋಡು, 1,226 ಮೀಟರು, 4,000 ಅಡಿ ದಾಟುತ್ತೆ. ನಂದಿಬೆಟ್ಟ 1,478 ಮೀಟರು, 4,850 ಅಡಿ, ಕೆಂಪೇಗೌಡ ನಿಲ್ದಾಣಕ್ಕೆ ಅದೇ ಹತ್ತಿರ. ನಿಲ್ದಾಣದ ಸುತ್ತ 25 ನಾಟಿಕಲ್ ಮೈಲಿಯೊಳಗಿನ ಅತಿ ಎತ್ತರದ ಅಡ್ಡಿಗಿಂತ ಕನಿಷ್ಠ ಸಾವಿರ ಅಡಿ ಮೇಲಿರಬೇಕು ಅನ್ನೋ ನಿಯಮ ಕೇಳಿದಾಗ ನಂದಿಬೆಟ್ಟ ಕಣ್ಣಿಗೆ ಬರಬೇಕು. ನಿಜಕ್ಕೂ ಅಲ್ಲೊಂದು ಬೆಟ್ಟ ಇದೆ ಅನ್ನೋದು ಮೈಗೆ ತಾಗಿದವರು ಆ ಅಂಕಿಯನ್ನ ಹಗುರ ಮಾಡಲ್ಲ. ಹೋಗಲಿ, ಆಗ ಮಾಡಿದ ಲೆಕ್ಕ ಮತ್ತೆ ಹೇಳು. 33 ಮೂರಲಿ ಎಷ್ಟು?

ಹುಡುಗಿ: ...99 ಸರ್.

ಹಿರಿಯರು: ನಾನು ಎಷ್ಟು ಹೇಳಿದೆ?

ಹುಡುಗಿ: 90.

ಹಿರಿಯರು: ಆಗಲೇ ಗೊತ್ತಾಯ್ತಾ?

ಹುಡುಗಿ: ಗೊತ್ತಾಯ್ತು.

ಹಿರಿಯರು: ಮತ್ತೆ ಯಾಕೆ ಹ್ಞೂಂ ಅಂದೆ?

ಹುಡುಗಿ: ನೀವು ಹೇಳಿದ್ರಲ್ಲ ಸರ್. ಇಷ್ಟು ವರ್ಷ ಹಾರಿದೋರು. ನನಗೆ ಗೊತ್ತಿಲ್ಲದ ಯಾವುದೋ ಲೆಕ್ಕ ಇರಬಹುದು ಅನ್ನಿಸ್ತು. ಜೊತೆಗೆ ನಿಮ್ಮ ಮನೆಗೆ ಬಂದು ನಿಮಗೇ ತಪ್ಪು ಅಂತ ಹೇಳೋದು ಹೇಗೆ? ನಮ್ಮನೇಲಿ ದೊಡ್ಡೋರಿಗೆ ಎದುರುಮಾತು ಆಡಬಾರದು ಅಂತ ಬೆಳೆಸಿದ್ದಾರೆ.

ಹಿರಿಯರು: ಬೇಕು ಅಂತಲೇ ತಪ್ಪು ಹೇಳಿದೆ ಕಣಮ್ಮ. ಬೇಜಾರು ಮಾಡ್ಕೋಬೇಡ. ಚಿತ್ರದುರ್ಗಕ್ಕೆ ಮುಂಚೆಯೇ ಇಳಿಯೋಕೆ ಶುರು ಮಾಡಬೇಕಿತ್ತು, ನಾವು ಒಂಬತ್ತು ಮೈಲಿ ತಡ ಮಾಡಿದ್ವಿ. ಒಂಬತ್ತು ಮೈಲಿ ಅಂದ್ರೆ ಸುಮಾರು 3,000 ಅಡಿ ಹೆಚ್ಚು ಎತ್ತರದಲ್ಲಿ ಉಳಿದ್ವಿ. ಬೆಂಗಳೂರಲ್ಲಿ ಸರಿಮಾಡ್ಕೋಬಹುದು, ಜಾಗ ಇದೆ. ಮಂಗಳೂರಿಗೆ ಹೋಗು. 2010ರ ಮೇ 22, ಬೆಳಿಗ್ಗೆ 6 ಗಂಟೆ ದಾಟಿತ್ತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, ದುಬೈಯಿಂದ. ಗೊತ್ತಲ್ಲ?

ಹುಡುಗಿ: 158 ಜನ ಹೋದರು. ಎಂಟು ಜನ ಉಳಿದರು. ನಾನಾಗ ತುಂಬ ಚಿಕ್ಕವಳು. ತರಬೇತಿಯಲ್ಲಿ ಓದಿದ್ದೀನಿ.

ಹಿರಿಯರು: ಓದಿದ್ದನ್ನ ಇನ್ನೊಂದ್ಸಲ ಓದು, ತನಿಖಾ ವರದಿಯನ್ನೇ. ಅವತ್ತು ಮಂಗಳೂರಿನ ರೇಡಾರ್ ಕೆಟ್ಟಿತ್ತು. ಅದಕ್ಕೇ ಇಳಿಯೋಕೆ ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ತಡವಾಗಿ. ಕ್ಯಾಪ್ಟನ್ನು ಹಾರಾಟದ ಬಹುಪಾಲು ಹೊತ್ತು ನಿದ್ದೆಯಲ್ಲಿದ್ದರು, ಗೊರಕೆ ಧ್ವನಿಮುದ್ರಣದಲ್ಲಿ ಸಿಕ್ಕಿದೆ. ಎದ್ದು ಕೂತಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬ ಮೇಲಿತ್ತು. ಬೆಟ್ಟದ ತಲೆ ಕಡಿದು ಮಾಡಿದ ರನ್‌ವೇ, ಸುಮಾರು 8,000 ಅಡಿ ಉದ್ದ. ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಈಗ ಮುಖ್ಯವಾದ ಮಾತು ಕೇಳು. ಬಲಗಡೆ ಸೀಟಲ್ಲಿದ್ದ ಫಸ್ಟ್ ಆಫೀಸರ್ ಸುಮ್ಮನಿರಲಿಲ್ಲ. ಮೂರು ಸಲ ಹೇಳಿದರು, ಗೋ ಅರೌಂಡ್ ಮಾಡಿ ಅಂತ. ಇಳಿಯೋದು ಬೇಡ, ಮೇಲೇರಿ ಇನ್ನೊಂದು ಸುತ್ತು ಬರೋಣ ಅಂತ.

ಹುಡುಗಿ: ಮೂರು ಸಲ.

ಹಿರಿಯರು: ಮೂರು ಸಲ. ವಿಮಾನದ ಎಚ್ಚರಿಕೆ ಗಂಟೆಗಳೂ ಕೂಗ್ತಿದ್ವು. ಕ್ಯಾಪ್ಟನ್ ಕೇಳಲಿಲ್ಲ. ಕೋ-ಪೈಲಟ್ ತಾನೇ ಕೈಹಾಕಿ ವಿಮಾನ ಮೇಲೆತ್ತಬಹುದಾ ಅನ್ನೋ ಬಗ್ಗೆ ಸೂಚನೆಗಳಲ್ಲೇ ಗೊಂದಲ ಇತ್ತು, ಅದು ಅವರ ಕೈ ಕಟ್ಟಿರಬಹುದು ಅಂತ ವರದಿ ಹೇಳುತ್ತೆ. ಆ ಮಾತನ್ನ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಮಾತಾಡೋ ಧೈರ್ಯ ಇದ್ದ ಮನುಷ್ಯ ಅವರು. ಕೊನೆಯ ಹೆಜ್ಜೆಗೆ ಅವರಿಗೆ ಬೇಕಾದ ಬೆಂಬಲವನ್ನ ನಾವು, ಅಂದ್ರೆ ಈ ವೃತ್ತಿ, ಕೊಟ್ಟಿರಲಿಲ್ಲ. ಇಂಟರ್‌ವ್ಯೂನಲ್ಲಿ ಒಬ್ಬ ಟ್ರೇನಿಂಗ್ ಕ್ಯಾಪ್ಟನ್ ನಿನ್ನನ್ನ ಕೇಳೇ ಕೇಳ್ತಾರೆ: "ಕ್ಯಾಪ್ಟನ್ ತಪ್ಪು ಮಾಡ್ತಿದ್ದಾರೆ, ನೀವು ಹೇಳಿದ್ರೂ ಕೇಳ್ತಿಲ್ಲ. ಏನು ಮಾಡ್ತೀರಿ?" ಆ ಪ್ರಶ್ನೆಯ ಹಿಂದೆ ಮಂಗಳೂರಿದೆ. ಹೇಳು ಈಗ.

ಹುಡುಗಿ: ಮೊದಲು ಗೌರವದಿಂದ ಅವರ ಗಮನಕ್ಕೆ ತರ್ತೀನಿ...

ಹಿರಿಯರು: ಯಾವ ಎತ್ತರದಲ್ಲಿದ್ದೀಯ?

ಹುಡುಗಿ: ಸರ್?

ಹಿರಿಯರು: 10,000 ಅಡಿಯಲ್ಲಿ ಗೌರವದಿಂದ ಗಮನಕ್ಕೆ ತಾ, ಹೊತ್ತಿದೆ. 500 ಅಡಿಯಲ್ಲಿ ಅಷ್ಟು ಉದ್ದದ ವಾಕ್ಯಕ್ಕೆ ಜಾಗ ಇಲ್ಲ. ಎತ್ತರ ಇಟ್ಕೊಂಡು ಉತ್ತರ ಕೊಡು.

ಹುಡುಗಿ: ಮೇಲಿದ್ದಾಗ ಪ್ರಶ್ನೆ ಕೇಳ್ತೀನಿ, "ನಾವು ಪ್ರೊಫೈಲ್‌ಗಿಂತ 3,000 ಅಡಿ ಮೇಲಿದ್ದೀವಿ, ಹೇಗೆ ಕಳ್ಕೊಳ್ಳೋದು?" ಅಂತ. ಕೇಳದೇ ಹೋದ್ರೆ ನಾನೇ ಉಪಾಯ ಹೇಳ್ತೀನಿ, ಸ್ಪೀಡ್‌ಬ್ರೇಕ್ ಹಾಕೋಣ, ಇಲ್ಲ ಕಂಟ್ರೋಲ್‌ಗೆ ಹೇಳಿ ಒಂದು ಸುತ್ತು ಹಾಕೋಣ ಅಂತ. ಮೋಡ ಇದ್ರೆ 1,000 ಅಡಿ, ಇಲ್ಲದಿದ್ರೆ 500 ಅಡಿ. ಅಷ್ಟರೊಳಗೆ ವೇಗ, ಎತ್ತರ, ಚಕ್ರ, ಫ್ಲ್ಯಾಪ್ ಎಲ್ಲ ಹದಕ್ಕೆ ಬಂದಿರದಿದ್ರೆ "ಅನ್‌ಸ್ಟೇಬಲ್, ಗೋ ಅರೌಂಡ್". ಉತ್ತರ ಬರದಿದ್ರೆ ಇನ್ನೊಂದ್ಸಲ, ಜೋರಾಗಿ. ಆಗಲೂ ಇಲ್ಲ ಅಂದ್ರೆ "ಐ ಹ್ಯಾವ್ ಕಂಟ್ರೋಲ್" ಅಂತ ಹೇಳಿ ನಾನೇ ಮೇಲೆತ್ತುತ್ತೀನಿ.

ಹಿರಿಯರು: ಎತ್ತಿದ ಮೇಲೆ ಅವರು ಬೈದರೆ?

ಹುಡುಗಿ: ನೆಲದ ಮೇಲೆ ಬೈಸ್ಕೋತೀನಿ.

ಹಿರಿಯರು: ಇದನ್ನ ಅಲ್ಲಿ ಹೇಳು, ಇದೇ ದನಿಯಲ್ಲಿ. ನಿಮ್ಮ ಅಪ್ಪ ಅಮ್ಮ ಕಲಿಸಿದ್ದನ್ನ ಬಿಡು ಅಂತ ನಾನು ಹೇಳ್ತಿಲ್ಲ. ಹಿರಿಯರ ಎದುರು ದನಿ ಏರಿಸದೆ ಇರೋದು ಒಳ್ಳೇ ಸಂಸ್ಕಾರ. ಆದರೆ ನಮ್ಮ ಕಡೆ ಗೌರವವನ್ನೂ ಮೌನವನ್ನೂ ಒಂದೇ ಗಂಟು ಕಟ್ಟಿಬಿಟ್ಟಿದ್ದೀವಿ. ಇದು ನಮ್ಮ ರಾಮನಗರ, ಮಾಗಡಿಯ ಕಥೆ ಮಾತ್ರ ಅಲ್ಲ. 1977ರಲ್ಲಿ ಟೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಓಡೋಕೆ ಶುರು ಮಾಡಿದ್ದ ಡಚ್ ವಿಮಾನದಲ್ಲಿ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದರು. ಕ್ಯಾಪ್ಟನ್ನು ಬಿಟ್ಟಾಯ್ತು ಅಂದರು. ಅವರು ಆ ಕಂಪನಿಯ ದೊಡ್ಡ ತರಬೇತುದಾರರು. ಇನ್ನೊಂದ್ಸಲ ಯಾರೂ ಕೇಳಲಿಲ್ಲ. ಕಾಕ್‌ಪಿಟ್‌ನಲ್ಲಿ ಹೇಗೆ ಮಾತಾಡಬೇಕು ಅನ್ನೋದನ್ನೇ ಒಂದು ಪಾಠವಾಗಿ ಕಲಿಸೋ ಪದ್ಧತಿಗೆ ಅಂಥ ಸಾವುಗಳೇ ಕಾರಣ.

ಹುಡುಗಿ: ಸರ್, ಇಂಗ್ಲಿಷ್‌ದು ಹೇಗೆ? ಹೈಸ್ಕೂಲ್‌ವರೆಗೂ ನಾನು ಕನ್ನಡ ಮೀಡಿಯಂ. ಗ್ರೂಪ್ ಡಿಸ್ಕಷನ್‌ನಲ್ಲಿ ಬೆಂಗಳೂರು, ದೆಹಲಿ ಹುಡುಗರು ಗಡಗಡ ಮಾತಾಡಿಬಿಡ್ತಾರೆ. ನಾನು ವಾಕ್ಯ ಕಟ್ಟೋದ್ರೊಳಗೆ ವಿಷಯ ಮುಂದೆ ಹೋಗಿರುತ್ತೆ.

ಹಿರಿಯರು: ಅಂತರರಾಷ್ಟ್ರೀಯ ಮಟ್ಟದಲ್ಲಿ ಇಂಗ್ಲಿಷಿಗೆ ಆರು ಹಂತ ಇಟ್ಟಿದ್ದಾರೆ, ಹಾರಾಟಕ್ಕೆ ನಾಲ್ಕನೇ ಹಂತ ಸಾಕು. ನಿನ್ನ ಲೈಸೆನ್ಸಲ್ಲೇ ಅದು ನಮೂದಾಗಿದೆ. ಅಂದ್ರೆ ಇಂಗ್ಲಿಷ್ ಮುಖ್ಯ ಅಲ್ಲ ಅಂತಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರಖಿ ದಾದ್ರಿ ಮೇಲೆ ಸೌದಿ ವಿಮಾನ, ಕಜಕ್ ವಿಮಾನ ಗಾಳಿಯಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಕಜಕ್ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲೋಕೆ ಹೇಳಿತ್ತು, ಅದು ಇನ್ನೂ ಕೆಳಗಿಳೀತು; 14,000ದಲ್ಲಿ ಸೌದಿ ವಿಮಾನ ಬರ್ತಿತ್ತು. ಕಜಕ್ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬರ್ತಿರಲಿಲ್ಲ ಅನ್ನೋದು ತನಿಖೆಯಲ್ಲಿ ಬಂತು. ಅಲ್ಲಿ ಬೇಕಾಗಿದ್ದದ್ದು ವಾಗ್ಮಿತೆಯಲ್ಲ. ಕೇಳಿಸ್ಕೊಂಡ ಅಂಕಿಯನ್ನ ಸರಿಯಾಗಿ ತಿರುಗಿ ಹೇಳೋದು, ಅರ್ಥ ಆಗದಿದ್ರೆ "ಸೇ ಅಗೇನ್" ಅನ್ನೋದು. ಗಡಗಡ ಮಾತಾಡೋರಲ್ಲಿ ಎಷ್ಟೋ ಜನಕ್ಕೆ ಈ "ಸೇ ಅಗೇನ್" ಬಾಯಿಗೆ ಬರಲ್ಲ, ನಾಚಿಕೆ. ಗ್ರೂಪ್‌ನಲ್ಲಿ ನೀನು ಹತ್ತು ಸಲ ಮಾತಾಡಬೇಕಿಲ್ಲ. ಮೂಲೆಯಲ್ಲಿ ಬಾಯಿ ಬಿಡದೆ ಕೂತ ಹುಡುಗನನ್ನ "ನಿಮಗೇನನ್ನಿಸುತ್ತೆ?" ಅಂತ ಕೇಳಿದ್ರೂ ನಾವು ಗುರುತು ಹಾಕ್ಕೋತಿದ್ವಿ.

ಹುಡುಗಿ: ಸಿಮ್ಯುಲೇಟರ್? ನಾನು ಸಣ್ಣ ವಿಮಾನದಲ್ಲೇ ಹೆಚ್ಚು ಹಾರಿದ್ದು.

ಹಿರಿಯರು: ಎಲ್ಲರೂ ಅಷ್ಟೇ. 200 ಗಂಟೆಯ ಪೈಲಟ್ ಹಳಬರ ಹಾಗೆ ಹಾರಿಸ್ತಾನೆ ಅಂತ ಯಾರೂ ಕಾಯಲ್ಲ. ಮೊದಲ ಸಲ ಎತ್ತರ 200 ಅಡಿ ತಪ್ಪುತ್ತೆ. ಪರೀಕ್ಷಕರು "ಮೂತಿ ಸ್ವಲ್ಪ ಇಳಿಸಿ ಹಿಡಿ" ಅಂತಾರೆ. ಎರಡನೇ ಸಲ ತಪ್ಪು 100ಕ್ಕೆ ಬಂತಾ? ಅವರು ನೋಡೋದು ಅದನ್ನ. ಹೇಳಿದ್ದನ್ನ ತಗೋತಾಳಾ, ಒಂದು ತಪ್ಪು ಆದ ಮೇಲೆ ಅದನ್ನೇ ಕೊರಗ್ತಾ ಇನ್ನೊಂದು ಮಾಡ್ತಾಳಾ. ಅಷ್ಟೇ.

ಹುಡುಗಿ: ಲಾಗ್‌ಬುಕ್ ನೋಡ್ತಾರಂತೆ.

ಹಿರಿಯರು: ಪುಟ ಪುಟ ತಿರುಗಿಸಿ ನೋಡ್ತಾರೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳು ಸಿಕ್ಕಿಬಿದ್ದ ಮೇಲೆ ಇಡೀ ವ್ಯವಸ್ಥೆಗೇ ಅನುಮಾನ ಅಂಟಿಕೊಳ್ತು. ನಿನ್ನ ಪುಸ್ತಕದಲ್ಲಿ ನಡುವೆ ತಿಂಗಳುಗಟ್ಟಲೆ ಏನೂ ಇಲ್ಲವಲ್ಲ?

ಹುಡುಗಿ: ಬೇರೆ ರಾಜ್ಯದ ಶಾಲೆ ಸರ್. ವಿಮಾನಗಳು ಕೆಟ್ಟು ನಿಂತಿದ್ವು, ಇದ್ದ ಬೋಧಕರು ಬಿಟ್ಟುಹೋದ್ರು, ಮಳೆಗಾಲ ಬಂತು. ದುಡ್ಡು ಮುಂಚೆಯೇ ಕಟ್ಟಿಸ್ಕೊಂಡಿದ್ರು. ಜೊತೆಯಲ್ಲಿದ್ದ ಒಬ್ಬ, ಹಾರದ ಗಂಟೆಗಳನ್ನ ಬರ್ಕೊಂಡುಬಿಡು, ಯಾರು ನೋಡ್ತಾರೆ ಅಂದ. ನಾನು ಬರೀಲಿಲ್ಲ. ವಾಪಸ್ ಊರಿಗೆ ಬಂದೆ.

ಹಿರಿಯರು: ಊರಲ್ಲಿ ಏನು ಮಾಡ್ದೆ?

ಹುಡುಗಿ: ಹುಳುಮನೆ ನೋಡ್ಕೊಂಡೆ. ಅಪ್ಪನಿಗೆ ಬೆನ್ನುನೋವು. ಕೊನೇ ಜ್ವರ ಎದ್ದ ಮೇಲೆ, ಅಂದ್ರೆ ಕೊನೇ ಸಲ ಪೊರೆ ಬಿಟ್ಟ ಮೇಲೆ, ಹುಳ ಹಗಲು ರಾತ್ರಿ ಮೇಯುತ್ತೆ. ರಾತ್ರಿ ಎದ್ದು ಸೊಪ್ಪು ಹಾಕೋದು, ಬಿಸಿ ಹೆಚ್ಚಾದ್ರೆ ಗೋಣಿ ನೆನೆಸಿ ಕಟ್ಟೋದು. ತಾಪಮಾನ, ತೇವಾಂಶ ಬರೆದಿಡ್ತಿದ್ದೆ. ಇದನ್ನ ಹೇಳೋಕೆ ಸಂಕೋಚ ಸರ್. ಇಲ್ಲಾಂದ್ರೆ, ರೇಷ್ಮೆ ಸಾಕಣೆಯೂ ವಿಮಾನ ಹಾರಿಸೋದೂ ಒಂದೇ ಥರ, ಎರಡಕ್ಕೂ ಶಿಸ್ತು ಬೇಕು ಅಂತ ಏನಾದರೂ ಜೋಡಿಸಿ ಹೇಳಲಾ?

ಹಿರಿಯರು: ಸಂಕೋಚವೂ ಬೇಡ, ಜೋಡಣೆಯೂ ಬೇಡ. ಹುಳುಮನೆ ನೋಡ್ಕೊಂಡೆ, ಅಪ್ಪನಿಗೆ ಹುಷಾರಿರಲಿಲ್ಲ, ಶಾಲೆಯಲ್ಲಿ ವಿಮಾನ ಇರಲಿಲ್ಲ. ಮೂರು ಮಾತು. ರಾತ್ರಿ ಎದ್ದಿರೋದು ಗೊತ್ತಿರೋ ಹುಡುಗಿ ಅಂತ ಅವರೇ ಅಂದುಕೊಳ್ಳಲಿ. ಶಾಲೆ ಮೇಲೆ ದೂರೂ ಹೇಳಬೇಡ, ನಡೆದದ್ದು ಹೇಳು. ಮತ್ತೆ, ಟೆಕ್ನಿಕಲ್‌ನಲ್ಲಿ ಒಂದಾದ ಮೇಲೊಂದು ಕೇಳ್ತಾ ಹೋಗ್ತಾರೆ, ನಿನಗೆ ಗೊತ್ತಿಲ್ಲದ ಜಾಗಕ್ಕೆ ಮುಟ್ಟೋವರೆಗೂ. ರಾಮನಗರದ ಮಾರ್ಕೆಟ್ಟಲ್ಲಿ ರೀಲರ್ ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ ನೋಡ್ತಾನಲ್ಲ, ಹಾಗೆ. ಆ ಜಾಗಕ್ಕೆ ಬಂದಾಗ "ಗೊತ್ತಿಲ್ಲ ಸರ್, ಇಂಥ ಕೈಪಿಡಿಯಲ್ಲಿ ನೋಡಿ ಹೇಳಬಲ್ಲೆ" ಅನ್ನು. ಊಹೆ ಮಾಡಿ ಆತ್ಮವಿಶ್ವಾಸದಿಂದ ಹೇಳೋರನ್ನ ಕಂಡ್ರೆ ನನಗೆ ಭಯ. ಬೀಗ ಹಾಕಿದ ಕಾಕ್‌ಪಿಟ್‌ನಲ್ಲಿ ಇಬ್ಬರೇ ಇರ್ತೀವಿ. ಪಕ್ಕದೋರು ಹೇಳಿದ ಅಂಕಿ ನೋಡಿದ ಅಂಕಿಯೋ ಊಹೆಯೋ ಅಂತ ಗೊತ್ತಾಗದಿದ್ರೆ ಕೆಲಸ ಮಾಡೋದು ಹೇಗೆ?

ಹುಡುಗಿ: ಅಹಮದಾಬಾದ್ ವಿಮಾನ ದುರಂತದ ಬಗ್ಗೆ ಕೇಳಿದ್ರೆ? ಅದಾದ ಮೇಲೆ ಅಮ್ಮ ನಾನು ಬ್ಯಾಗ್ ತೆಗೆದ್ರೆ ಸಾಕು, ಮುಖ ಸಣ್ಣ ಮಾಡ್ಕೋತಾರೆ.

ಹಿರಿಯರು: 2025ರ ಜೂನ್ 12. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದದ್ದು ಒಬ್ಬರು. ತನಿಖೆಯವರು ಬರೆದು ಪ್ರಕಟಿಸಿದ್ದನ್ನ ಬಿಟ್ಟು ಒಂದು ಮಾತೂ ಹೆಚ್ಚು ಹೇಳಬೇಡ. ಸತ್ತ ಪೈಲಟ್‌ಗಳ ಬಗ್ಗೆ ಟಿವಿಯಲ್ಲಿ ಕೂತು ತೀರ್ಪು ಕೊಟ್ಟವರ ಸಾಲಿಗೆ ನೀನು ಸೇರಬಾರದು. ಅಮ್ಮನಿಗೆ ಮಾತ್ರ ಎಲ್ಲ ಬಿಡಿಸಿ ಹೇಳು. ಸಿಮ್ಯುಲೇಟರ್‌ನಲ್ಲಿ ಪದೇ ಪದೇ ಎಂಜಿನ್ ಕೆಡಿಸಿ ಅಭ್ಯಾಸ ಮಾಡಿಸ್ತಾರೆ, ವರ್ಷವರ್ಷ ಮೆಡಿಕಲ್ ಇರುತ್ತೆ, ಇದೆಲ್ಲ ಅವರಿಗೆ ಗೊತ್ತಿರಲ್ಲ. ಇನ್ನೊಂದು ವಿಷಯ. ಹುಡುಗಿ ಅಂತ ಮದುವೆ ಬಗ್ಗೆ ಯಾರಾದರೂ ಕೇಳಬಹುದು. ಸದ್ಯಕ್ಕೆ ಆ ಯೋಚನೆಯೇ ಇಲ್ಲ ಅಂತ ಹೇಳಿಬಿಡು, ಸುಲಭ.

ಹುಡುಗಿ: ಅದು ನಿಜ ಅಲ್ಲ ಸರ್. ಮನೇಲಿ ಗಂಡು ನೋಡ್ತಿದ್ದಾರೆ, ನನಗೂ ಬೇಡ ಅಂತಿಲ್ಲ. ಇಷ್ಟೊತ್ತು ನಿಜ ಹೇಳು ಅಂತ ಹೇಳಿ, ಇಲ್ಲಿ ಮಾತ್ರ ಸುಳ್ಳು ಹೇಳು ಅಂತೀರಲ್ಲ. ನಾನು ಹೇಳಲ್ಲ. ನಮ್ಮ ದೇಶದ ಪೈಲಟ್‌ಗಳಲ್ಲಿ ನೂರಕ್ಕೆ ಹದಿನೈದರಷ್ಟು ಹೆಂಗಸರಿದ್ದಾರೆ, ಪ್ರಪಂಚದ ಸರಾಸರಿಗಿಂತ ಎಷ್ಟೋ ಹೆಚ್ಚು. ಅವರಲ್ಲಿ ಮದುವೆಯಾದವರು, ಮಕ್ಕಳಿರೋರು ಇಲ್ವಾ? "ಹುಡುಗರಿಗೆ ಏನು ನಿಯಮವೋ ನನಗೂ ಅದೇ, ಡ್ಯೂಟಿಗೆ ತೊಂದರೆ ಆಗಲ್ಲ" ಅಂತ ಹೇಳ್ತೀನಿ. ಅದಕ್ಕೇ ಬೇಡ ಅಂದ್ರೆ ಅನ್ನಲಿ.

ಹಿರಿಯರು: ನಮ್ಮ ಕಾಲದ ಬುದ್ಧಿ ಅದು. ನೀನು ಹೇಳಿದ್ದೇ ಸರಿ. ಅದೇ ಉತ್ತರ ಇರಲಿ.

ಹುಡುಗಿ: ನಿಮ್ಮ ಕಾಲದಲ್ಲಿ ಇಷ್ಟೊಂದು ಏರ್‌ಲೈನ್ ಇತ್ತಾ?

ಹಿರಿಯರು: ಎಲ್ಲಿ ಬಂತು! ನಾನು ವಾಯುಪಡೆಗೆ ಸೇರಿದಾಗ ನಾಗರಿಕ ವಿಮಾನ ಅಂದ್ರೆ ಸರ್ಕಾರದ್ದೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಬೆಂಗಳೂರಿಂದ ಹುಬ್ಬಳ್ಳಿಗೆ ಹಾರಿಸಿದಾಗ ನಮ್ಮ ಹಳ್ಳಿ ಕಡೆಯ ಜನ ಮೊದಲ ಸಲ ವಿಮಾನ ಹತ್ತಿದರು. ಈಗ ನೋಡು, 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ, ಇಂಡಿಗೋ 500ಕ್ಕೆ ಆರ್ಡರ್ ಕೊಟ್ಟವು.

ಹುಡುಗಿ: ಕನಕಪುರದ ಮಾವ ಅಂತೂ ಎರಡನೇ ಏರ್‌ಪೋರ್ಟ್ ಅಲ್ಲೇ ಬರುತ್ತೆ, ನೀನು ಮನೆಯಿಂದಲೇ ಡ್ಯೂಟಿಗೆ ಹೋಗು ಅಂತಿದ್ದಾರೆ.

ಹಿರಿಯರು: ಕನಕಪುರ ರಸ್ತೆಯಲ್ಲಿ ಎರಡು ಜಾಗ, ನೆಲಮಂಗಲದ ಕಡೆ ಒಂದು ಅಂತ ಸರ್ಕಾರ 2025ರಲ್ಲಿ ತೋರಿಸಿತು. ಈಗಿನ ನಿಲ್ದಾಣದ ಜೊತೆ ಆಗಿರೋ ಒಪ್ಪಂದದ ಪ್ರಕಾರ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದು ಬರೋ ಹಾಗಿಲ್ಲ. ಅದಕ್ಕೂ ನಿನ್ನ ಕೆಲಸಕ್ಕೂ ಸಂಬಂಧ ಇಲ್ಲ. ಕಂಪನಿ ಕೋಲ್ಕತ್ತಕ್ಕೆ ಹಾಕಿದ್ರೆ ಕೋಲ್ಕತ್ತಕ್ಕೆ ಹೋಗಬೇಕು. "ಎಲ್ಲಿಗೆ ಹಾಕಿದ್ರೂ ಹೋಗ್ತೀರಾ?" ಅಂತ ಕೇಳ್ತಾರೆ, ಮನೇಲಿ ಮಾತಾಡ್ಕೊಂಡೇ ಉತ್ತರ ಕೊಡು.

ಹುಡುಗಿ: ಸಿಗದೇ ಹೋದ್ರೆ ಸರ್? ಇದನ್ನ ಅಪ್ಪ ಬಾಯಿಬಿಟ್ಟು ಕೇಳಲ್ಲ, ಆದರೆ ಮನಸ್ಸಲ್ಲಿ ಇದೆ. ಟೈಪ್ ರೇಟಿಂಗ್ ಮಾಡಿಸಿ ಮನೇಲಿ ಕೂತಿರೋರು ಎಷ್ಟೋ ಜನ ಇದ್ದಾರೆ.

ಹಿರಿಯರು: ಇದ್ದಾರೆ. ಇಷ್ಟು ವಿಮಾನ ಬರುತ್ತೆ ಅಂತ ಜಾಹೀರಾತು ಕೊಟ್ಟು ಮಕ್ಕಳನ್ನ ಸೇರಿಸ್ಕೊಳ್ಳೋರು ಈ ಮಾತು ಹೇಳಲ್ಲ, ಅದು ನನಗೆ ಸಿಟ್ಟು. ಕೆಲಸ ಸಿಕ್ಕವರಿಗೂ ಭದ್ರತೆ ಇಲ್ಲ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗಳೇ ಸಂಬಳವಿಲ್ಲದೆ ಬೀದಿಗೆ ಬಂದರು. ಹಾಗಾಗಿ ಒಂದು ಇಂಟರ್‌ವ್ಯೂನ ನಿನ್ನ ಜೀವನದ ತೀರ್ಪು ಅಂತ ಇಟ್ಕೋಬೇಡ. ಲೈಸೆನ್ಸು, ಮೆಡಿಕಲ್ಲು, ಇನ್‌ಸ್ಟ್ರುಮೆಂಟ್ ರೇಟಿಂಗು ಮೂರೂ ಅವಧಿ ಮೀರದ ಹಾಗೆ ನೋಡ್ಕೋ. ಆಗದಿದ್ರೆ ಏನು ಮಾಡ್ತೀಯ, ನಿನ್ನ ಲೆಕ್ಕ ಏನು?

ಹುಡುಗಿ: ಬೋಧಕರ ರೇಟಿಂಗ್ ಮಾಡ್ಕೊಂಡು ಯಾವುದಾದರೂ ತರಬೇತಿ ಶಾಲೆಯಲ್ಲಿ ಪಾಠ ಹೇಳ್ತೀನಿ. ಗಂಟೆನೂ ಸೇರುತ್ತೆ, ಸಾಲದ ಕಂತೂ ಕಟ್ಟಬಹುದು. ನನಗೆ ಕಲಿಸೋರು ಇಲ್ಲದೆ ಕಾದಿದ್ದೀನಿ, ಅದಕ್ಕೇ ಆ ಕೆಲಸ ಕಮ್ಮಿ ಅಂತ ಅನ್ನಿಸಲ್ಲ.

ಹಿರಿಯರು: "ನಾವು ತಗೊಳ್ಳದಿದ್ರೆ ಏನು ಮಾಡ್ತೀರಿ?" ಅಂತ ಕೇಳಿದಾಗ ಇದನ್ನೇ ಹೇಳು. ಒರಿಜಿನಲ್ ದಾಖಲೆಗಳ ಜೊತೆ ಒಂದು ಸೆಟ್ ಜೆರಾಕ್ಸ್ ಇಟ್ಕೋ, ಲಾಗ್‌ಬುಕ್‌ನಲ್ಲಿ ಒಟ್ಟು ಗಂಟೆ ಕೂಡಿಸಿ ಸಹಿ ಹಾಕಿಸಿಕೊಂಡಿದ್ದೀಯಾ ನೋಡ್ಕೋ. ಸಂದರ್ಶನಕ್ಕೆ ಇನ್ನೂ ದಿನ ಇದೆ. ನಾಳೆ ಬೆಳಿಗ್ಗೆ ಬಾ, ಮಂಗಳೂರಿನ ವರದಿ ಪೂರ್ತಿ ಓದ್ಕೊಂಡು ಬಾ.

ಹುಡುಗಿ: ನಾಳೆ ಆಗಲ್ಲ ಸರ್, ಗೂಡು ಮಾರ್ಕೆಟ್‌ಗೆ ಹಾಕಬೇಕು, ಅಪ್ಪನ ಜೊತೆ ರಾಮನಗರಕ್ಕೆ ಹೋಗ್ತೀನಿ. ನಾಳಿದ್ದು ಬರ್ತೀನಿ.

ಹಿರಿಯರು: ನಾಳಿದ್ದೇ ಬಾ. ಹತ್ತು ಗಂಟೆಗೆ.